ಹುಣಸೆ ಬೀಜದ ಅಂಟು, ಜೀನ್ಸ್ ಚಿಂದಿ, ಬನ್ನಿ ಸಂಚಿ

ಹೊಸದಾಗಿ ನನ್ನ ಕೈಕೆಲಸದ ಕ್ಲಾಸಿಗೆ ಬರುವವರು ಮೊದಲು ಫೋನ್ ತೆಗೆದು ಒಂದು ಫೋಟೋ ತೋರಿಸುತ್ತಾರೆ. "ಅಕ್ಕಾರ, ಇದನ್ನ ಕಲಿಸ್ರಿ." ಫೋಟೋದಲ್ಲಿ ಥಳಥಳ ಹೊಳೆಯುವ ಒಂದು ಗಿಫ್ಟ್ ಇರುತ್ತದೆ. ಎಲ್ಲಿಯದೋ ಕಾಯಿ, ಎಲ್ಲಿಯದೋ ರಿಬ್ಬನ್, ಗ್ಲೂ ಗನ್ನಿನಿಂದ ಅಂಟಿಸಿದ ಮುತ್ತು. ಚೆಂದವೇ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಇದನ್ನ ಯಾವ ತಿಂಗಳದಾಗ ಮಾಡ್ಬೇಕಂತೀರಿ?"

ಹೆಚ್ಚಿನವರು ಹಬ್ಬದ ಹೆಸರು ಹೇಳುತ್ತಾರೆ. ದಸರಾ, ದೀಪಾವಳಿ, ಸಂಕ್ರಾಂತಿ. ಅದು ಅರ್ಧ ಉತ್ತರ. ಏನು ಮಾಡಬೇಕು ಅನ್ನುವುದನ್ನು ಹಬ್ಬ ಹೇಳುತ್ತದೆ. ಹೇಗೆ ಮಾಡಬೇಕು, ಯಾವಾಗ ಕೈ ಹಚ್ಚಬೇಕು ಅನ್ನುವುದನ್ನು ಹೇಳುವುದು ಹವೆ. ಕೊಪ್ಪಳದಲ್ಲಿ ಕೂತು ಕೈಕೆಲಸ ಕಲಿಸುತ್ತಾ ಕಲಿಸುತ್ತಾ ನನಗೆ ಗಟ್ಟಿಯಾದ ಮಾತು ಇದು. ಗ್ಲೂ ಗನ್ನಿನ ಅಂಟು ಜನವರಿಯಲ್ಲಿ ಕಲ್ಲಿನಂತೆ ಹಿಡಿದಿರುತ್ತದೆ. ಅದೇ ವಸ್ತುವನ್ನು ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಇಟ್ಟು ಬನ್ನಿ, ಮುತ್ತುಗಳೆಲ್ಲ ಜಾರಿ ಕೆಳಗೆ ಬಿದ್ದಿರುತ್ತವೆ. ಅಂಟಿನ ತಪ್ಪಲ್ಲ. ಅದನ್ನು ಮಾಡಿದವರು ನಮ್ಮ ಬಿಸಿಲನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೆ.

ಕ್ಲಾಸ್ ನಡೆಯುವುದು ಭಾನುವಾರ ಮಧ್ಯಾಹ್ನ, ನಮ್ಮ ಮನೆಯ ಪಡಸಾಲೆಯಲ್ಲಿ. ಓಣಿಯ ಹೆಣ್ಣುಮಕ್ಕಳು ಬರುತ್ತಾರೆ, ಹೈಸ್ಕೂಲಿನ ಹುಡುಗ ಹುಡುಗಿಯರು ಬರುತ್ತಾರೆ, ನಿವೃತ್ತರಾದ ಒಬ್ಬ ಟೀಚರ್ ಬರುತ್ತಾರೆ. ಬಟ್ಟೆ, ಮಣ್ಣು, ನಾರು, ಬಣ್ಣ, ಕನ್ನಡಿ, ಎಲ್ಲ ಒಂದೇ ಚಾಪೆಯ ಮೇಲೆ. ಒಂದೇ ವಸ್ತುವಿನಲ್ಲಿ ಇವೆಲ್ಲ ಸೇರುವುದೇ ನನಗೆ ಇಷ್ಟ.

ನಮ್ಮ ವರ್ಷ ಶುರುವಾಗುವುದು ಮಣ್ಣೆತ್ತಿನ ಅಮಾವಾಸ್ಯೆಗೆ. ಜೇಷ್ಠ ಮಾಸದ ಅಮಾವಾಸ್ಯೆ. ಉತ್ತರ ಕರ್ನಾಟಕದ ಯಾವ ಊರಿಗೆ ಹೋದರೂ ಅವತ್ತು ಜಗುಲಿಯ ಮೇಲೆ ಒಂದು ಜೋಡಿ ಮಣ್ಣಿನ ಎತ್ತು, ಮುಂದೊಂದು ಗ್ವಾದಲಿ (ಮೇವಿನ ತೊಟ್ಟಿ) ಇರುತ್ತವೆ. ಈಗ ಸಂತೆಯಲ್ಲಿ ಅಚ್ಚಿನ ಎತ್ತು ಸಿಗುತ್ತವೆ. ಬಣ್ಣವೂ ಬಳಿದಿರುತ್ತಾರೆ. ತಂದು ಪೂಜೆ ಮಾಡಿದರೆ ತಪ್ಪೇನಿಲ್ಲ. ಆದರೆ ಮಕ್ಕಳಿಗೆ ಮೊದಲ ಪಾಠ ಇಲ್ಲಿಂದಲೇ ಆಗಬೇಕು ಅನ್ನುವುದು ನನ್ನ ಹಟ. ಯಾಕೆಂದರೆ ಮಣ್ಣು ಸುಳ್ಳು ಹೇಳುವುದಿಲ್ಲ. ಏನು ತಪ್ಪಾಗಿದೆ ಅನ್ನುವುದನ್ನು ಮರುದಿನವೇ ತೋರಿಸಿಬಿಡುತ್ತದೆ.

ನಮ್ಮಲ್ಲಿ ಎರಿ, ಅಂದರೆ ಕಪ್ಪು ಮಣ್ಣಿನ ಹೊಲವೂ ಉಂಟು, ಮಸಾರಿ, ಅಂದರೆ ಕೆಂಪು ಮಣ್ಣಿನದೂ ಉಂಟು. ಬರೀ ಎರಿ ಮಣ್ಣಿನಲ್ಲಿ ಎತ್ತು ಮಾಡಿದರೆ ಕೈಗೆ ಬೆಣ್ಣೆಯ ಹಾಗೆ ಮೆತ್ತಗೆ ಬರುತ್ತದೆ, ಒಣಗುವಾಗ ಮಾತ್ರ ಬಿರಿಯುತ್ತದೆ. ಎರಿ ಮಣ್ಣಿನ ಗುಣವೇ ಹಾಗೆ. ನೀರು ಕುಡಿದು ಉಬ್ಬುತ್ತದೆ, ನೀರು ಬಿಟ್ಟಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಲು ಸಿಗುವಷ್ಟು ಬಿರುಕು ಬಿಡುವುದು ಅದೇ ಮಣ್ಣಲ್ವಾ? ಅದಕ್ಕೆ ಜರಡಿ ಹಿಡಿದ ಮಸಾರಿ ಸೇರಿಸುತ್ತೇವೆ, ಹಿಂಜಿದ ಹತ್ತಿ ಸ್ವಲ್ಪ ಕಲಸುತ್ತೇವೆ. ಕಾಲುಗಳನ್ನು ಬೇರೆ ಮಾಡಿ ಅಂಟಿಸಬಾರದು. ಒಂದೇ ಮುದ್ದೆಯಿಂದ ಎಳೆದು ತೆಗೆಯಬೇಕು. ಇಣಿಯನ್ನೂ (ಎತ್ತಿನ ಹೆಗಲ ಮೇಲಿನ ಡುಬ್ಬ) ಅಷ್ಟೆ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಚಿವುಟಿ ಮೇಲೆತ್ತಬೇಕು. ಕಣ್ಣಿಗೆ ಕುಸುಬಿ ಕಾಳು ಅಥವಾ ಜೋಳದ ಕಾಳು. ಗುಲಗಂಜಿ ಚೆಂದ ಕಾಣುತ್ತದೆ, ಆದರೆ ಅದರ ಬೀಜ ವಿಷ. ಸಣ್ಣ ಮಕ್ಕಳಿರುವ ಕ್ಲಾಸಿನಲ್ಲಿ ನಾನು ಅದನ್ನು ಒಳಗೇ ತರಗೊಡುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಎತ್ತು ಬಿರಿಯಬಹುದು. ಕಾರಣ ಗಾಳಿ. ಆ ಹೊತ್ತಿಗೆ ನಮ್ಮಲ್ಲಿ ಗಾಳಿ ಜೋರು. ಸುಮ್ನೆ ಅಲ್ಲ ಈ ಸೀಮೆಯಲ್ಲಿ ಗುಡ್ಡಗುಡ್ಡಕ್ಕೂ ಗಾಳಿ ಯಂತ್ರ ನಿಲ್ಲಿಸಿರುವುದು. ಗಾಳಿಗೆ ಮೇಲಿನ ಪದರ ಬೇಗ ಒಣಗುತ್ತದೆ, ಒಳಗೆ ಹಸಿ ಉಳಿಯುತ್ತದೆ, ಹೊರಗಿನದು ಸೀಳುತ್ತದೆ. ಮೊದಲ ರಾತ್ರಿ ಒದ್ದೆ ಬಟ್ಟೆ ಹೊದಿಸಿ ಮೂಲೆಯಲ್ಲಿಡಬೇಕು. ಎಂಟನೇ ಕ್ಲಾಸಿನ ಒಬ್ಬ ಹುಡುಗ ತನ್ನ ಎತ್ತನ್ನು ಕಿಟಕಿಯಲ್ಲಿಟ್ಟಿದ್ದ, ಅವನ ತಂಗಿ ತನ್ನದನ್ನು ಬುಟ್ಟಿಯ ಕೆಳಗೆ ಮುಚ್ಚಿಟ್ಟಿದ್ದಳು. ಮರುದಿನ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಅವನೇ ಹೇಳಿದ: "ಗಾಳಿ ಬಡದೈತ್ರಿ ಅಕ್ಕಾರ." ಇನ್ನು ಆ ಹುಡುಗನಿಗೆ ಒಣಗಿಸುವುದರ ಬಗ್ಗೆ ನಾನು ಬೇರೆ ಪಾಠ ಹೇಳಬೇಕಾಗಿಲ್ಲ.

ಕಳೆದ ವರ್ಷ ನಾವು ಹೆಚ್ಚು ಶ್ರಮ ಹಾಕಿದ್ದು ದಸರಾ ಕೆಲಸಕ್ಕೆ. ವಿಜಯದಶಮಿ ದಿನ ಬನ್ನಿ ಕೊಡುವಾಗ "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣ" ಅನ್ನುತ್ತೇವೆ. ಎಲೆಯನ್ನು ಕೈಯಿಂದ ಕೈಗೆ ಕೊಡುತ್ತೇವೆ. ಸಂಜೆ ಹೊತ್ತಿಗೆ ಎಲೆಗಳು ಜೇಬಿನಲ್ಲಿ ಮುರುಟಿರುತ್ತವೆ, ಮೇಜಿನ ಮೇಲೆ ಚೆಲ್ಲಾಡಿರುತ್ತವೆ. ಆ ಎಲೆಯನ್ನು ಹಾಕಿಕೊಡಲು ಒಂದು ಪುಟ್ಟ ಸಂಚಿ ಮಾಡಿದರೆ? ಅಜ್ಜಿಯರು ಎಲೆ ಅಡಿಕೆಗೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಸಂಚಿಯ ಹಾಗೆ. ಬನ್ನಿ ತೆಗೆದ ಮೇಲೆ ಅದರಲ್ಲಿ ಕಿವಿಯೋಲೆ ಇಡಬಹುದು, ಚಿಲ್ಲರೆ ಇಡಬಹುದು, ಏಲಕ್ಕಿ ಇಡಬಹುದು.

ಏನೇನು ಬೇಕು ಅಂತ ಕೂತು ಯೋಚಿಸಿದಾಗ ಎಲ್ಲವೂ ನಮ್ಮ ಸುತ್ತಮುತ್ತಲೇ ಇತ್ತು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳು ಓಣಿಗೊಂದರಂತಿವೆ. ಅಲ್ಲಿ ಕತ್ತರಿಸಿ ಉಳಿದ ಚಿಂದಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. ಆನೆಗೊಂದಿಯ ಕಡೆ ತುಂಗಭದ್ರೆಯ ದಂಡೆಗೆ ಬಾಳೆ ತೋಟ. ಬಾಳೆ ಒಂದು ಸಲ ಗೊನೆ ಬಿಟ್ಟರೆ ಆ ದಿಂಡಿನ ಕೆಲಸ ಮುಗಿಯಿತು, ಕಡಿದು ಹಾಕುತ್ತಾರೆ. ಅಂಥ ದಿಂಡಿನ ನಾರಿನಿಂದ ಹಗ್ಗ, ಚೀಲ, ಬುಟ್ಟಿ ಮಾಡುವುದನ್ನು ಆನೆಗೊಂದಿಯ ಹೆಣ್ಣುಮಕ್ಕಳು ಬಹಳ ವರ್ಷಗಳಿಂದ ಮಾಡುತ್ತಿದ್ದಾರೆ. 1997ರಲ್ಲಿ ಅಲ್ಲಿ ಶುರುವಾದ ಕಿಷ್ಕಿಂದಾ ಟ್ರಸ್ಟ್ ಈ ಕೆಲಸಕ್ಕೆ ತರಬೇತಿ ಕೊಡುತ್ತಾ ಬಂದಿದೆ. ಸಂಡೂರು ಕಡೆಯ ತಾಂಡಾಗಳಲ್ಲಿ ಲಂಬಾಣಿ ಕಸೂತಿ. ಹಳೆಯ ಇಳಕಲ್ ಸೀರೆಯಂತೂ ಯಾರ ಟ್ರಂಕಿನಲ್ಲಿ ಇಲ್ಲ? ಮತ್ತೆ, ಸಂಚಿಯ ಬಾಯಿಗೆ ಒಂದು ಗುಂಡಿ. ಅದಕ್ಕೆ ಕಿನ್ನಾಳ.

ಕಿನ್ನಾಳ ಕೊಪ್ಪಳದ ಪಕ್ಕದ ಊರು. ಅಲ್ಲಿನ ಚಿತ್ರಗಾರರು ಕಟ್ಟಿಗೆಯ ಗೊಂಬೆ ಮಾಡುತ್ತಾರೆ. ಗರುಡ, ಕಾಮಧೇನು, ದೇವರ ಮೂರ್ತಿ, ಹಣ್ಣು ತರಕಾರಿ. ಕಿನ್ನಾಳ ಗೊಂಬೆಗೆ ಭೌಗೋಳಿಕ ಸೂಚಕವೂ, ಅಂದರೆ ಇದು ಆ ಸೀಮೆಯದೇ ವಸ್ತು ಅನ್ನುವ ಸರ್ಕಾರಿ ಗುರುತೂ (ಜಿಐ), ಸಿಕ್ಕಿದೆ. ಇತ್ತ ಭಾನಾಪುರದಲ್ಲಿ ಆಟಿಕೆ ಕಾರ್ಖಾನೆಗಳ ಕ್ಲಸ್ಟರ್ ಬಂದಿದೆ, ಸಾವಿರಾರು ಗೊಂಬೆ ಅಚ್ಚಿನಿಂದ ಹೊರಬರುತ್ತವೆ. ಅದೂ ಬೇಕು, ನಮ್ಮ ಹೆಣ್ಣುಮಕ್ಕಳಿಗೆ ಕೆಲಸ ಸಿಗುತ್ತದೆ. ಆದರೆ ಕೈಯ ಕೆಲಸ ಏನು ಅಂತ ಮಕ್ಕಳು ನೋಡಬೇಕಾದರೆ ಕಿನ್ನಾಳಕ್ಕೇ ಹೋಗಬೇಕು. ಹೋದೆವು.

ಅಲ್ಲಿ ಒಬ್ಬ ಹಿರಿಯರು ನಮ್ಮನ್ನು ಕೂರಿಸಿಕೊಂಡು ಕಿಟ್ಟ ಮಾಡುವುದನ್ನು ತೋರಿಸಿದರು. ಗೊಂಬೆಯ ಬೇರೆ ಬೇರೆ ಭಾಗಗಳನ್ನು ಜೋಡಿಸಿದ ಮೇಲೆ ಮೈಗೆಲ್ಲ ಬಳಿಯುವ ಲೇಪ ಈ ಕಿಟ್ಟ. ಹಳೆಯ ಗೋಣಿಯನ್ನು ನೆನೆಸಿ, ಎಳೆಎಳೆಯಾಗಿ ಬಿಡಿಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆಯ ಹೊಟ್ಟಿನ ಜೊತೆ ಹುಣಸೆ ಬೀಜದ ಅಂಟಿನಲ್ಲಿ ಕಲಸುವುದು. ಅದರ ಮೇಲೆ ಅದೇ ಅಂಟಿನಿಂದ ತೆಳು ಹತ್ತಿ ಬಟ್ಟೆಯ ತುಣುಕು, ಅದರ ಮೇಲೆ ಬೆಣಚು ಕಲ್ಲಿನ ಪುಡಿಯ ಬಿಳಿ ಲೇಪ, ಆಮೇಲೆ ಬಣ್ಣ. ಗೊಂಬೆಯ ಮೈಮೇಲಿನ ಒಡವೆಯನ್ನು ಕೂಡ ಅಂಟು ಕಲಸಿದ ಕಲ್ಲಿನ ಪುಡಿಯಿಂದಲೇ ಉಬ್ಬಿಸಿ ಬರೆಯುತ್ತಾರೆ.

ಅವರ ಕೈ ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ಕಿಟ್ಟದ ಉಂಡೆಯನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಒತ್ತುತ್ತಾರೆ. ಅಂಚು ಸೀಳಿದರೆ ಅಂಟು ಕಡಿಮೆ. ಬೆರಳಿಗೆ ಹತ್ತಿಕೊಂಡು ಬಂದರೆ ಅಂಟು ಜಾಸ್ತಿ. ಅಂಚು ಸೀಳದೆ, ಬೆರಳಿಗೂ ಹತ್ತದೆ, ಬೆರಳಿನ ಗೆರೆ ಅಚ್ಚಾಗಿ ಮೂಡಿ ನಿಂತರೆ ಹದ. ಒಣಗಿದ್ದನ್ನು ನೋಡುವುದು ಕಣ್ಣಿನಿಂದಲ್ಲ, ಕಿವಿಯಿಂದ. ಉಗುರಿನಿಂದ ಬಡಿಯುತ್ತಾರೆ. ಟಕ್ ಅಂದರೆ ಒಣಗಿದೆ. ಡಬ್ ಅಂದರೆ ಒಳಗೆ ಇನ್ನೂ ಹಸಿ. "ಮ್ಯಾಲೆ ಒಣಗೇತಿ ಅಂತ ಬಣ್ಣ ಹಚ್ಚಿದ್ರ ನಾಳಿಗೆ ಬಣ್ಣ ಏಳತೈತವ್ವ," ಅಂದರು. ನಮ್ಮ ಹುಡುಗಿಯೊಬ್ಬಳು, "ಎಷ್ಟ್ ದಿನಾ ಒಣಗಿಸ್ಬೇಕ್ರಿ ಅಜ್ಜಾರ?" ಅಂತ ಪೆನ್ನು ಹಿಡಿದು ಕೇಳಿದಳು. "ದಿನಾ ನನಗ್ಯಾಕ ಕೇಳ್ತೀಯವ್ವ, ಮಳಿಗೆ ಕೇಳು," ಅಂದರು. ಅವಳು ಅದನ್ನೂ ಬರೆದುಕೊಂಡಳು.

ಅಂಟು ಮಾಡುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಕೇಳುವವರು ಬಹಳ ಜನ ಇದ್ದಾರೆ. ಹುಣಸೆ ಬೀಜವನ್ನು ಸಣ್ಣ ಉರಿಯಲ್ಲಿ ಹುರಿಯಬೇಕು. ಕಪ್ಪಾಗಬಾರದು, ಸಿಪ್ಪೆ ಸಡಿಲವಾದರೆ ಸಾಕು. ಕುಟ್ಟಿ ಸಿಪ್ಪೆ ತೆಗೆದರೆ ಒಳಗೆ ಬಿಳಿ ಬೇಳೆ. ಅದನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಬೇಕು. ಉಬ್ಬದೆ ಗಟ್ಟಿ ಉಳಿದಿದ್ದರೆ ಇನ್ನೊಂದು ರಾತ್ರಿ. ಒರಳಿನಲ್ಲಾಗಲಿ ಮಿಕ್ಸಿಯಲ್ಲಾಗಲಿ ನುಣ್ಣಗೆ ರುಬ್ಬಿ, ನೀರು ಹಾಕಿ, ಕೈ ಬಿಡದೆ ತಿರುವುತ್ತಾ ಕುದಿಸಬೇಕು. ಗಂಜಿಯ ಹಾಗೆ ಇದ್ದದ್ದು ನೋಡನೋಡುತ್ತಾ ಹೊಳಪು ಬಂದು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿ ಇಟ್ಟುಕೊಳ್ಳುವುದು. ಬೇಸಿಗೆಯಲ್ಲಿ ಒಂದೆರಡು ದಿನ ತಾಳುತ್ತದೆ. ಮಳೆಗಾಲದಲ್ಲಿ ರಾತ್ರಿ ಕಳೆಯುವುದರೊಳಗೆ ಹುಳಿ ವಾಸನೆ, ಬೂಸು. ಕೆಡದಿರಲಿ ಅಂತ ಮೈಲುತುತ್ತ ಹಾಕುವವರಿದ್ದಾರೆ. ಅದು ವಿಷ. ಮಕ್ಕಳ ಕೈಗೆ ಸಿಗುವ ಅಂಟಿಗೆ ನಾನು ಹಾಕುವುದಿಲ್ಲ. ಅವತ್ತಿಗೆ ಬೇಕಾದಷ್ಟೇ ಕುದಿಸುತ್ತೇವೆ, ಉಳಿದದ್ದನ್ನು ಗಿಡಕ್ಕೆ ಹಾಕುತ್ತೇವೆ.

ಸಂಚಿಯ ಬಾಯಿಗೆ ನಾವು ಮಾಡಿದ್ದು ಈ ಕಿಟ್ಟದ ಗುಂಡಿ. ಅದು ಕಿನ್ನಾಳದ ಗೊಂಬೆಯಲ್ಲ, ಹಾಗೆ ಹೇಳಿಕೊಳ್ಳುವುದೂ ಇಲ್ಲ. ಆ ಕಲೆ ತಲೆತಲಾಂತರದ್ದು, ಆ ಹೆಸರು ಅವರದ್ದು. ನಾವು ಅವರಿಂದ ಕಲಿತಿದ್ದು ಒಂದು ಲೇಪವನ್ನು ಮಾತ್ರ. ಮಾರುವಾಗ ಚೀಟಿಯಲ್ಲೂ ಅದನ್ನೇ ಬರೆಯುತ್ತೇವೆ. ಕಲಿಸುವವರು ಈ ಗೆರೆಯನ್ನು ಮಕ್ಕಳಿಗೆ ಮೊದಲೇ ತೋರಿಸಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಇನ್ನು ಬಟ್ಟೆ. ಜೀನ್ಸ್ ಚಿಂದಿಯ ಗಂಟು ಬಳ್ಳಾರಿಯಿಂದ ರೈಲಿನಲ್ಲಿ ಬಂತು. ಬಿಚ್ಚಿದ ಕೂಡಲೇ ಎಲ್ಲರೂ ಕತ್ತರಿ ಹಿಡಿದರು. ನಾನು ಹೇಳಿದೆ, ಮೊದಲು ಬಕೆಟ್ ತನ್ನಿ. ಹೊಸ ಡೆನಿಮ್ ನೀಲಿ ಬಿಡುತ್ತದೆ. ತೊಳೆಯದೆ ಇಳಕಲ್ ಸೀರೆಯ ದಡಿಗೆ (ಅಂಚಿನ ಪಟ್ಟಿಗೆ) ಹೊಲಿದರೆ, ಮೊದಲ ಮಳೆಹನಿಗೇ ದಡಿಯ ಅಂಚೆಲ್ಲ ನೀಲಿ. ನೀರು ತಿಳಿಯಾಗುವ ತನಕ ಜಾಲಿಸಿ, ಒಣಗಿಸಿ, ಒಂದು ಬಿಳಿ ಕರ್ಚೀಫನ್ನು ಒದ್ದೆ ಮಾಡಿ ಉಜ್ಜಿ ನೋಡಬೇಕು. ಕರ್ಚೀಫು ಬೆಳ್ಳಗೇ ಉಳಿದರೆ ಆಮೇಲೆ ಕತ್ತರಿ.

ಅಂಗೈ ಅಗಲದ ಎರಡು ತುಂಡು ಸಾಕು. ಮನೆಯ ಹೊಲಿಗೆ ಯಂತ್ರದಲ್ಲಿ ಡೆನಿಮ್ ಹೊಲಿಯಲು 16ನೇ ನಂಬರಿನ ಸೂಜಿ ಹಾಕಿ, ದಪ್ಪ ಇದ್ದರೆ 18. ನಾಲ್ಕು ಪದರ ಕೂಡುವ ಜಾಗದಲ್ಲಿ ಯಂತ್ರ ಓಡಿಸುವ ಮೊದಲು ಕಲ್ಲಿನ ಗುಂಡಿನಿಂದ ಆ ಮಡಿಕೆಯನ್ನು ಚಪ್ಪಟೆ ಬಡಿಯಬೇಕು. ಇಲ್ಲದಿದ್ದರೆ ಸೂಜಿ ಮುರಿಯುತ್ತದೆ, ಚೂರು ಕಣ್ಣಿಗೆ ಹಾರಬಹುದು. ಹಾಗಾಗಿ ಆ ಜಾಗದಲ್ಲಿ ಪೆಡಲ್ ತುಳಿಯಗೊಡುವುದಿಲ್ಲ, ಚಕ್ರವನ್ನು ಕೈಯಿಂದ ತಿರುಗಿಸುವುದು.

ಬಾಯಿಯ ಪಟ್ಟಿಗೆ ಇಳಕಲ್ ದಡಿ. ಇಲ್ಲಿ ಕ್ಲಾಸು ಸ್ವಲ್ಪ ಹೊತ್ತು ನಿಂತೇ ಹೋಯಿತು. ಪ್ರತಿಯೊಬ್ಬರೂ ತಂದ ತುಣುಕಿಗೆ ಒಂದೊಂದು ಕಥೆ. ಇದು ಗೋಮಿ ದಡಿ, ಇದು ಪರಾಸಪೇಟಿ, ಇದು ನಮ್ಮವ್ವನ ಮದುವಿ ಸೀರಿ, ಇದು ಅಜ್ಜಿ ಗವಿಮಠದ ಜಾತ್ರಿಗೆ ಉಡತಿದ್ಲು. ನಿವೃತ್ತ ಟೀಚರ್ ತಮ್ಮ ತಾಯಿಯ ಸೀರೆಯ ದಡಿ ತಂದಿದ್ದರು. ಕತ್ತರಿ ಹಚ್ಚಲು ಮನಸ್ಸಾಗದೆ ಕೈಯಲ್ಲೇ ಹಿಡಿದು ಕೂತಿದ್ದರು. "ಕತ್ತರಿಸಬ್ಯಾಡ್ರಿ ಟೀಚರ, ಮಡಚಿ ಹೊಲೀರಿ," ಅಂತ ಪಕ್ಕದ ಹುಡುಗಿ ಅಂದಳು. ಹಾಗೇ ಮಾಡಿದೆವು. ದಡಿಯನ್ನು ಉದ್ದಕ್ಕೂ ಹಾಗೇ ಬಿಟ್ಟು ಸಂಚಿಯ ಸುತ್ತ ಎರಡು ಸುತ್ತು ಬರುವಂತೆ ಮಡಿಕೆ ಹಾಕಿದೆವು. ಕೊನೆಗೆ ಎಲ್ಲದಕ್ಕಿಂತ ಚೆಂದ ಬಂದಿದ್ದು ಅವರ ಸಂಚಿಯೇ.

ಕನ್ನಡಿ ಕೂರಿಸುವುದನ್ನು ಕಲಿಸಲು ತಾಂಡಾದಿಂದ ಒಬ್ಬ ಹಿರಿಯ ಹೆಂಗಸು ಬಂದಿದ್ದರು. ಸಂಡೂರಿನ ಲಂಬಾಣಿ ಕಸೂತಿಗೂ ಭೌಗೋಳಿಕ ಸೂಚಕ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳ ಕೈಯಿಂದ ಬಂದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಆ ಸುದ್ದಿ ಹೇಳಿದಾಗ ಹುಡುಗಿಯರು ಅವರ ಕಡೆ ನೋಡಿದ ರೀತಿಯೇ ಬೇರೆ. ಕನ್ನಡಿಗೆ ತೂತು ಇರುವುದಿಲ್ಲ, ಅಂಟೂ ಹಚ್ಚುವುದಿಲ್ಲ. ಮೊದಲು ಅದರ ಮೇಲೆ ಅಡ್ಡ ಎರಡು, ಉದ್ದ ಎರಡು ಎಳೆ ಬಿಗಿದು ಚೌಕಟ್ಟು ಕಟ್ಟುತ್ತಾರೆ. ಆಮೇಲೆ ಆ ಎಳೆಗಳನ್ನು ಸೂಜಿಯಿಂದ ಹೊರಗೆ ಎಳೆಯುತ್ತಾ ಸುತ್ತ ಹೆಣೆಯುತ್ತಾ ಹೋಗುತ್ತಾರೆ. ಚೌಕ ನಿಧಾನಕ್ಕೆ ದುಂಡಗಾಗುತ್ತದೆ. ಮೊದಲ ನಾಲ್ಕು ಎಳೆ ಸಡಿಲವಾದರೆ ಆಮೇಲೆ ಎಷ್ಟು ಹೆಣೆದರೂ ಕನ್ನಡಿ ಜಾರುತ್ತದೆ. ಡೆನಿಮ್ ಗಟ್ಟಿ ಬಟ್ಟೆಯಾದ್ದರಿಂದ ಬೆರಳಿಗೆ ಕಷ್ಟ, ಆದರೆ ಬಿಗಿ ಚೆನ್ನಾಗಿ ನಿಲ್ಲುತ್ತದೆ.

ಲಾಡಿಗೆ ಬಾಳೆ ನಾರು. ಒಣ ನಾರನ್ನು ಹಾಗೇ ಹೆಣೆದರೆ ತುಂಡಾಗುತ್ತದೆ, ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಂಡು ಮೂರೆಳೆ ಜಡೆ ಹಾಕಬೇಕು. ಆದರೆ ಒಂದು ತೊಂದರೆ: ನಾರು ಒರಟು, ದಡಿಯ ಸುರಂಗದಲ್ಲಿ ಜಾರುವುದಿಲ್ಲ. ಇದಕ್ಕೆ ಒಬ್ಬ ಹುಡುಗಿ ತಾನೇ ದಾರಿ ಕಂಡುಹಿಡಿದಳು. ಮೇಣದ ಬತ್ತಿಯ ಮೇಲೆ ಲಾಡಿಯನ್ನು ಹಿಂದೆ ಮುಂದೆ ಉಜ್ಜಿದಳು. ಎಳೆದರೆ ಸರಾಗ ಬಂತು.

ಎಲ್ಲವೂ ಸೇರಿತು, ಗುಂಡಿ ಒಂದು ಬಿಟ್ಟು. ನಮ್ಮ ಸೀಮೆಗೆ ಮಳೆ ಜಾಸ್ತಿ ಬೀಳುವುದೇ ಸೆಪ್ಟೆಂಬರಿನಲ್ಲಿ. ದಸರಾ ಬರುವುದು ಅದರ ಬೆನ್ನಿಗೆ. ಕಿಟ್ಟ ಒಣಗಲು ಒಣ ಹವೆ ಬೇಕು, ಆಗಲೇ ಹವೆಯಲ್ಲಿ ನೀರು ತುಂಬಿರುತ್ತದೆ. ಅಕ್ಕಿ ಡಬ್ಬಿಯಲ್ಲಿಟ್ಟರು, ಫ್ಯಾನಿನ ಕೆಳಗೆ ಇಟ್ಟರು. ಒಬ್ಬರು ದೋಸೆ ಹಂಚು ಇಳಿಸಿದ ಮೇಲೆ ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟರು. ನಿಜಕ್ಕೂ ಕೆಲಸ ಮಾಡಿದ್ದು ಅದೇ: ಉರಿಯಲ್ಲ, ಉರಿ ಆರಿದ ಮೇಲಿನ ಬೆಚ್ಚಗೆ. ದಿನಾ ಅಡುಗೆ ಮುಗಿದ ಮೇಲೆ ಗುಂಡಿಗಳನ್ನು ಅಲ್ಲಿಟ್ಟು, ರಾತ್ರಿ ಡಬ್ಬಿಗೆ ಹಾಕಿ, ಮತ್ತೆ ಮರುದಿನ. ಬೆಳಿಗ್ಗೆ ಬಂದವರೆಲ್ಲ ಮೊದಲು ಉಗುರಿನಿಂದ ಬಡಿದು ಕಿವಿಗೊಡುತ್ತಿದ್ದರು.

ಅದೇ ಹೊತ್ತಿಗೆ ಬೇರೆ ಊರಿನ ಒಂದು ಸಂಸ್ಥೆಯಿಂದ ದೊಡ್ಡ ಆರ್ಡರ್ ಬಂತು. ದೀಪಾವಳಿಗೆ ತಮ್ಮ ಸಿಬ್ಬಂದಿಗೆ ಕೊಡಲು ಇಂಥದ್ದೇ ಸಂಚಿ, ಬೇಗ ಬೇಕು. ಗುಂಡಿ ಪ್ಲಾಸ್ಟಿಕ್ಕಿನದಾದರೂ ನಡೆಯುತ್ತದೆ ಅಂದರು. ಕ್ಲಾಸಿನಲ್ಲಿ ಚರ್ಚೆಯಾಯಿತು. ದುಡ್ಡು ಬೇಕಾದವರು ಇದ್ದಾರೆ, ಅದು ಸಣ್ಣ ಮಾತಲ್ಲ. ಕೊನೆಗೆ ಒಣಗಿದ ಗುಂಡಿ ಎಷ್ಟಿವೆಯೋ ಅಷ್ಟಕ್ಕೆ ಮಾತ್ರ ಒಪ್ಪಿದೆವು. ಉಳಿದದ್ದಕ್ಕೆ ಗುಂಡಿ ಇಲ್ಲದ, ಬರೀ ಲಾಡಿಯ ಸಂಚಿ ಕೊಡುತ್ತೇವೆ ಅಂದೆವು. ಅವರು ಒಪ್ಪಿದರು. ಬೆಲೆ ಹೇಳುವಾಗ ನಾನು ಹುಡುಗಿಯರಿಗೆ ಒಂದು ಲೆಕ್ಕ ಹೇಳಿಕೊಟ್ಟೆ: ಚಿಂದಿಗೆ ಕಾಸು ಕಡಿಮೆ ಅಂತ ಸಂಚಿಗೆ ಕಾಸು ಕಡಿಮೆ ಹೇಳಬೇಡಿ. ನೀವು ಕೂತ ತಾಸುಗಳನ್ನು ಬರೆಯಿರಿ, ಹೊಲದ ಕೂಲಿಯ ಲೆಕ್ಕದಲ್ಲಾದರೂ ಅದಕ್ಕೆ ದುಡ್ಡು ಹಾಕಿ, ಆಮೇಲೆ ಸಾಮಾನಿನ ಖರ್ಚು ಕೂಡಿಸಿ. ಮನೆಯಲ್ಲಿ ಕೂತು ಮಾಡಿದ ಕೆಲಸ ಪುಕ್ಕಟೆ ಅನ್ನುವ ಭಾವನೆ ನಮ್ಮ ಹೆಣ್ಣುಮಕ್ಕಳಿಂದ ಹೋಗಲೇಬೇಕು.

ದೀಪಾವಳಿಗೆ ಆಕಾಶಬುಟ್ಟಿ. ಮಳೆ ಹಿಂದೆ ಸರಿದಿರುತ್ತದೆ, ಹವೆ ಒಣಗಿರುತ್ತದೆ, ಕಾಗದದ ಕೆಲಸಕ್ಕೆ ಇದಕ್ಕಿಂತ ಒಳ್ಳೆ ಹೊತ್ತಿಲ್ಲ. ಕೊಪ್ಪಳ ಜಿಲ್ಲೆಯ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಮಕ್ಕಳಿಗೆ ತೊಗಲುಗೊಂಬೆಯ ಹುಚ್ಚು ಹಿಡಿಯಿತು. ತೊಗಲಿನ ಗೊಂಬೆಯಲ್ಲಿ ಸಣ್ಣ ಸಣ್ಣ ತೂತು ಕೊರೆದಿರುತ್ತಾರೆ, ಹಿಂದಿನ ಬೆಳಕು ಆ ತೂತುಗಳಿಂದ ಒಡವೆಯಾಗಿ ಹೊಳೆಯುತ್ತದೆ. ನಾವು ಅದೇ ಉಪಾಯವನ್ನು ದಪ್ಪ ಕಾಗದಕ್ಕೆ ತಂದೆವು. ಎತ್ತು, ಜಿಂಕೆ, ಆನೆ ಕತ್ತರಿಸಿ, ದಬ್ಬಣದಿಂದ ತೂತು ಹಾಕಿ, ಬುಟ್ಟಿಯ ಬಿದಿರು ಕಡ್ಡಿಯ ಒಳಬದಿಗೆ ಕಟ್ಟಿದೆವು. ಹೊರಗಿನ ತೆಳು ಕಾಗದಕ್ಕೆ ಕುಸುಬಿ ಎಣ್ಣೆ ಸವರಿದರೆ ಬೆಳಕು ಚೆನ್ನಾಗಿ ಹಾಯುತ್ತದೆ. ಆದರೆ ಎಣ್ಣೆ ಕಾಗದದ ಒಳಗೆ ಹಣತೆ ಇಡಲೇಬಾರದು, ಎಲ್‌ಇಡಿ ಬಲ್ಬೇ ಆಗಬೇಕು. ಗಾಳಿಗೆ ಬುಟ್ಟಿ ತಿರುಗಿದಾಗ ಎದುರು ಮನೆಯ ಗೋಡೆಯ ಮೇಲೆ ಆನೆ ನಡೆದು ಹೋಯಿತು. ಆ ಮನೆಯ ಅಜ್ಜಿ ಹೊರಗೆ ಬಂದು, "ನಮಗೂ ಒಂದು ಮಾಡಿಕೊಡ್ರೇ," ಅಂದರು.

ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಬರುತ್ತದೆ. ಮರದ ಅಚ್ಚಿಗೆ ಪಾಕ ಹೊಯ್ಯುವ ಕೆಲಸ ನನ್ನದಲ್ಲ, ಅದು ಬಲ್ಲವರದ್ದು. ಆ ಸಕ್ಕರೆ ಗೊಂಬೆಗಳನ್ನು ಬೀಗರ ಮನೆಗೆ ಒಯ್ಯಲು ರಟ್ಟಿನ ಪೆಟ್ಟಿಗೆ ಮಾತ್ರ ಮಾಡುತ್ತೇವೆ, ಒಳಗೆ ಹತ್ತಿಯ ಹಾಸು. ಸಂಕ್ರಾಂತಿಗೆ ಕುಸುರೆಳ್ಳಿನ ಪೊಟ್ಟಣ. ಎರಡೂ ತಿನ್ನುವ ವಸ್ತುವಿಗೆ ತಾಗುವಂಥವು, ಹಾಗಾಗಿ ಒಳಗಡೆ ಬಣ್ಣವಿಲ್ಲ, ಮಿಂಚು ಪುಡಿಯಿಲ್ಲ.

ಹವೆಯ ಮಾತು ನಮ್ಮ ಕ್ಲಾಸಿನಲ್ಲಿ ಎಲ್ಲರ ಬಾಯಿಗೆ ಬಂದಿದ್ದು ಈದ್ ಸಂಚಿಯಿಂದ. ಕ್ಲಾಸಿನ ಒಬ್ಬ ಹುಡುಗಿ ತಮ್ಮ ಮನೆಯ ಮಕ್ಕಳಿಗೆ ಈದಿ (ಈದ್ ಹಬ್ಬದ ಕಾಣಿಕೆ) ಕೊಡಲು ಇದೇ ಸಂಚಿ ಮಾಡಬೇಕು ಅಂದಳು. ದಸರಾ ಪ್ರತಿ ವರ್ಷ ಮಳೆಯ ಬೆನ್ನಿಗೇ ಬರುತ್ತದೆ. ಆದರೆ ಈದ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಾ ಎಲ್ಲ ಕಾಲಗಳನ್ನೂ ಸುತ್ತಿ ಬರುತ್ತದೆ. "ಹಂಗಾದ್ರ ನಮ್ಮ ಸಂಚಿಗೆ ಒಂದ ರೀತಿ ಅನ್ನೂದ ಇಲ್ಲ ನೋಡ್ರಿ," ಅಂದಳು. ಈಗಿನ ವರ್ಷಗಳಲ್ಲಿ ಅದು ಬೇಸಿಗೆಯ ಬಾಯಿಗೆ ಬರುತ್ತದೆ, ಗುಂಡಿ ಬೇಗ ಒಣಗುತ್ತದೆ, ಆದರೆ ನೆರಳಿನಲ್ಲಿಡದಿದ್ದರೆ ಬಿರಿಯುತ್ತದೆ. ಮುಂದೆ ಯಾವಾಗಲೋ ಮತ್ತೆ ಮಳೆಗಾಲಕ್ಕೆ ಬಂದಾಗ ಒಲೆಕಟ್ಟೆಯೇ ಗತಿ. ಅವಳು ನೋಟ್‌ಬುಕ್ಕಿನಲ್ಲಿ ಎರಡು ಪಟ್ಟಿ ಮಾಡಿಕೊಂಡಿದ್ದಾಳೆ, ಒಣ ಹವೆಗೊಂದು, ಹಸಿ ಹವೆಗೊಂದು. ಕ್ಲಾಸಿನವರೆಲ್ಲ ಈಗ ಅದನ್ನೇ ನಕಲು ಮಾಡಿಕೊಂಡಿದ್ದಾರೆ.

ಆ ಪಟ್ಟಿಯಿಂದಲೇ ಈ ವರ್ಷದ ದಸರಾ ಕೆಲಸವನ್ನು ಬೇಸಿಗೆಗೆ ತಂದಿದ್ದೇವೆ. ಹುಣಸೆ ಹಣ್ಣು ಬಿಡಿಸುವುದು ಯುಗಾದಿಯ ಆಚೀಚೆ. ಪ್ರತಿ ಮನೆಯಲ್ಲೂ ವರ್ಷದ ಹುಣಸೆಹಣ್ಣು ಕುಟ್ಟಿ ಬೀಜ ತೆಗೆದು ತಿಪ್ಪೆಗೆ ಹಾಕುವ ಹೊತ್ತು. ಆಗಲೇ ಬೀಜ ಕೂಡಿಸಿ, ಆಗಲೇ ಅಂಟು ಕುದಿಸಿ, ಗುಂಡಿಗಳನ್ನೆಲ್ಲ ಪಡಸಾಲೆಯ ನೆರಳಿನಲ್ಲಿ ಒಣಗಿಸಿ, ಡಬ್ಬಿ ತುಂಬಿ ಇಟ್ಟುಬಿಡುವುದು. ಬಣ್ಣ, ಬಟ್ಟೆ, ಕನ್ನಡಿಯ ಕೆಲಸ ಶ್ರಾವಣದಿಂದ ಆರಾಮಾಗಿ ಆಗುತ್ತದೆ. ನಮ್ಮ ಓಣಿಯ ಮನೆಗಳಿಗೆಲ್ಲ ಹುಡುಗರು ಹೇಳಿ ಬಂದಿದ್ದಾರೆ. ನೀವೂ ಕೊಪ್ಪಳದವರಾಗಿದ್ದರೆ ಈ ಸಲ ಬೀಜ ಚೆಲ್ಲಬೇಡಿ. ತೊಳೆದು, ನೆರಳಿನಲ್ಲಿ ಆರಿಸಿ, ಬಟ್ಟೆಯ ಚೀಲದಲ್ಲಿ ಕೊಡಿ. ಹುರಿಯುವುದು ಬೇಡ, ಅದನ್ನು ನಾವೇ ಮಾಡಿಕೊಳ್ಳುತ್ತೇವೆ. ಹುಳ ಹಿಡಿದ ಬೀಜ ಮಾತ್ರ ಬೇಡ, ಅದರಲ್ಲಿ ಅಂಟು ಬರುವುದಿಲ್ಲ.